ಪೊರ್ಬುಗಳು ಬೇಡವೆಂದ ಬುಟ್ಟಿ

ಅವರ ಬಲಗೈಯ ತೋರುಬೆರಳಿನ ಉಗುರು ಯಾವಾಗಲೂ ಕೆಂಪಾಗಿರುತ್ತಿತ್ತು. ಮೀನಿನ ಕಿವಿರನ್ನು ಎತ್ತಿ ಒಳಗಿನ ಬಣ್ಣ ನೋಡುವ ಬೆರಳು ಅದು. ದಿನಕ್ಕೆ ನೂರು ಕಿವಿರುಗಳೊಳಗೆ ಹೋಗಿ ಬರುತ್ತಿದ್ದುದರಿಂದ ಎಷ್ಟು ಉಜ್ಜಿ ತೊಳೆದರೂ ಉಗುರಿನ ಸಂದಿಯ ಕೆಂಪು ಹೋಗುತ್ತಿರಲಿಲ್ಲ. ಮೈಮೇಲೆ ಮಾತ್ರ ಗಂಜಿ ಹಾಕಿ ಇಸ್ತ್ರಿ ಮಾಡಿದ, ಹಿತ್ತಾಳೆ ಗುಂಡಿಯ ಬಿಳಿ ಕೋಟು. ಕಾಲು ಬರಿಗಾಲು. ಮೀನಿನ ದೋಣಿಗಳು ಬಂದು ನಿಲ್ಲುವ ಧಕ್ಕೆಯ ಕೆಸರಿನಲ್ಲಿ, ಇಳಿಸಿದ ಬುಟ್ಟಿಗಳ ನಡುವೆ ಕುಕ್ಕರುಗಾಲಿನಲ್ಲಿ ಕೂತು, ಕೋಟಿಗೆ ಒಂದು ಹನಿ ಕೊಳೆ ತಾಗದಂತೆ ಅವರು ಮೀನು ಆರಿಸುವುದನ್ನು ನೋಡಲಿಕ್ಕೆಂದೇ ಕೆಲವರು ನಿಲ್ಲುತ್ತಿದ್ದರು.

ಊರಿನವರೆಲ್ಲ ಅವರನ್ನು ಬಟ್ಲರ್ ಪೊರ್ಬುಗಳು ಎನ್ನುತ್ತಿದ್ದರು. ಕೊಂಕಣಿ ಮಾತಾಡುವ ಕ್ರಿಸ್ತುವರನ್ನು ತುಳುವಿನಲ್ಲಿ ಮರ್ಯಾದೆಯಿಂದ ಕರೆಯುವುದೇ ಪೊರ್ಬು ಎಂದು. ಬಟ್ಲರ್ ಎಂಬುದು, ಅವರು ಇಪ್ಪತ್ತು ವರ್ಷ ಕಾಫಿ ವ್ಯಾಪಾರದ ದೊರೆಯೊಬ್ಬನ ಬಂಗಲೆಯಲ್ಲಿ ಅಡುಗೆಗಿದ್ದುದರಿಂದ ಅಂಟಿಕೊಂಡದ್ದು. ಎರಡನೆಯ ಮಹಾಯುದ್ಧ ಶುರುವಾಗುವ ಮೊದಲೇ ದೊರೆ ಹಡಗು ಹತ್ತಿ ಹೋದ. ಪೊರ್ಬುಗಳು ಬಂದರಿನ ಒಂದು ಓಣಿಯಲ್ಲಿ ನಾಲ್ಕು ಬೆಂಚು ಹಾಕಿ ಅಂಗಡಿ ಇಟ್ಟು, ದೊರೆಗೆ ಮಾಡಿ ಬಡಿಸುತ್ತಿದ್ದ ಒಂದೇ ಒಂದು ತಿನಿಸನ್ನು ಊರಿಗೆ ಮಾಡಿ ಬಡಿಸತೊಡಗಿದರು. ಕಾಣೆ ಮೀನಿನ ಮುಳ್ಳು ತೆಗೆದು, ಮೊಟ್ಟೆಯಲ್ಲಿ ಕಲಸಿದ ಹಿಟ್ಟಿನಲ್ಲಿ ಅದ್ದಿ, ತೆಂಗಿನೆಣ್ಣೆಯಲ್ಲಿ ಕರಿಯುವುದು. ಬದಿಗೆ ಬೆರಳಿನುದ್ದ ಹೆಚ್ಚಿ ಕರಿದ ಬಟಾಟೆ. ಮೇಲೆ ಕಳ್ಳಿನಿಂದ ಮಾಡಿದ ಹುಳಿ ನಾಲ್ಕು ಹನಿ. ದೊರೆಯ ಊರಿನಲ್ಲಿ ಅದಕ್ಕೆ ಫಿಶ್ ಎಂಡ್ ಚಿಪ್ಸ್ ಎಂದು ಹೆಸರಂತೆ. ನಮ್ಮಲ್ಲಿ ಅದು ಬಟ್ಲರ್ ಮೀನು. ಯುದ್ಧದಲ್ಲಿ ಬಟಾಟೆ ಬರುವುದು ನಿಂತಾಗ ಅವರು ಹಲಸಿನ ಜಾತಿಯ ಜೀಗುಜ್ಜೆಯನ್ನು ಅದೇ ಅಳತೆಗೆ ಹೆಚ್ಚಿ ಕರಿದರು. ದೊರೆ ಒಮ್ಮೆ ಇದನ್ನು ತಿಂದಿದ್ದರೆ ಹಡಗು ಹತ್ತುತ್ತಲೇ ಇರಲಿಲ್ಲ ಎಂದು ಗಿರಾಕಿಗಳು ಹೇಳುತ್ತಿದ್ದರು. ಊರಿಗೆ ಹೊಸದಾಗಿ ಬಂದವರು ಒಳ್ಳೆಯ ಮೀನು ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಹಮಾಲರಿಂದ ಹಿಡಿದು ವಕೀಲರವರೆಗೆ ಎಲ್ಲರೂ ಆ ಓಣಿಯ ಕಡೆಗೇ ಕೈ ತೋರಿಸುತ್ತಿದ್ದರು. ಕೆಲವು ದಿನ ಅಂಗಡಿಯ ಬಾಗಿಲ ಹಲಗೆ ತೆಗೆಯುತ್ತಲೇ ಇರಲಿಲ್ಲ. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ‘ಇಂದು ಮೀನು ಸರಿ ಇಲ್ಲ’ ಎಂದು ಬರೆದಿರುತ್ತಿತ್ತು.

ನಾನು ಸ್ಯಾನಿಟರಿ ಇನ್‌ಸ್ಪೆಕ್ಟರ್ ಆಗಿ ಮಂಗಳೂರಿಗೆ ಬಂದಾಗ ನನಗೆ ಇಪ್ಪತ್ತಾರು ವರ್ಷ. ಮೀನು ಮುಟ್ಟದ ಮನೆತನ ನಮ್ಮದು. ಧಕ್ಕೆಗೆ ಬರುವ ಮೀನನ್ನು ಪರೀಕ್ಷಿಸಿ ಮಾರಾಟಕ್ಕೆ ಬಿಡುವ ಕೆಲಸವೇ ನನ್ನ ಪಾಲಿಗೆ ಬಂತು. ಬೇಡ ಎನ್ನುವ ಧೈರ್ಯವಿರಲಿಲ್ಲ. ಕರ್ಪೂರ ಕಟ್ಟಿದ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು, ನಾಲ್ಕು ಮಾರು ದೂರದಲ್ಲಿ ನಿಂತು, ಬೆತ್ತದಿಂದ ಬುಟ್ಟಿಗಳನ್ನು ತೋರಿಸಿ ಹೂಂ ಎನ್ನುತ್ತಿದ್ದೆ. ಆಮೇಲೆ ಪುಸ್ತಕದಲ್ಲಿ ‘ಪರೀಕ್ಷಿಸಲಾಯಿತು’ ಎಂದು ಬರೆದು, ಮನೆಗೆ ಹೋಗಿ ಮಿಂದು ಊಟ ಮಾಡುತ್ತಿದ್ದೆ. ಮೊದಲ ವಾರದಲ್ಲೇ ಪೊರ್ಬುಗಳು ಕೂತಲ್ಲಿಂದಲೇ ತಲೆಯೆತ್ತಿ, “ಸ್ವಾಮಿ, ಅಷ್ಟು ದೂರ ನಿಂತರೆ ಮೀನಿಗೆ ನೀವು ಕಾಣ್ತೀರಿ, ನಿಮಗೆ ಮೀನು ಕಾಣುವುದಿಲ್ಲ” ಎಂದರು. ಮೀನು ಮಾರುವ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಆ ನಗು ನನ್ನೊಳಗೆ ಮುಳ್ಳಿನಂತೆ ಕೂತಿತು.

ಮಳೆಗಾಲ ಮುಗಿದು ಬಂಗುಡೆ ಮೀನಿನ ಸುಗ್ಗಿ ಶುರುವಾಗಿತ್ತು. ಬಿಸಿಲು ಬೆಳಿಗ್ಗೆ ಎಂಟಕ್ಕೇ ಸುಡುತ್ತಿತ್ತು. ಉಳ್ಳಾಲದ ಕಡೆಯಿಂದ ಹೊಳೆ ದಾಟಿ ಬರುವ ದೋಣಿ ಆ ದಿನ ನೀರಿನ ಇಳಿತದಲ್ಲಿ ಸಿಕ್ಕಿಬಿದ್ದು, ಮುಂಜಾನೆ ಬರಬೇಕಾದ ಬುಟ್ಟಿಗಳು ಹತ್ತರ ಮೇಲೆ ಬಂದವು. ಮೀನು ಮಾರುವ ಮೊಗವೀರ ಹೆಂಗಸೊಬ್ಬಳು ತುಂಬಿದ ಬುಟ್ಟಿಯೊಂದನ್ನು ಪೊರ್ಬುಗಳ ಮುಂದೆ ಇಳಿಸಿದಳು. ಕಾಣೆ ಕಡಿಮೆ ಬಂದ ದಿನ ಅವರು ಬಂಗುಡೆಯನ್ನೂ ಕೊಳ್ಳುವುದಿತ್ತು. ಒಂದು ಮೀನಿನ ಕಿವಿರು ಎತ್ತಿ ನೋಡಿದರು. ಹೊಟ್ಟೆ ಒತ್ತಿದರು. ಚಿಕ್ಕ ಚೂರಿಯಿಂದ ಬೆನ್ನಿನ ಮಾಂಸದ ಚೂರು ಕೆತ್ತಿ ನಾಲಿಗೆಯ ತುದಿಗೆ ಇಟ್ಟು, ಕೂಡಲೇ ಉಗುಳಿದರು.

ಇದನ್ನು ಮಾರಬೇಡ, ಹೂಳು ಎಂದು ಅವಳಿಗೆ ಮೆಲ್ಲಗೆ ಹೇಳಿದರು. ವಾಸನೆಯೇ ಇಲ್ಲವಲ್ಲ ಎಂದು ಅವಳು ಜಗಳಕ್ಕೆ ನಿಂತಳು. ಆಗ ಅವರು ನನ್ನ ಕಡೆ ತಿರುಗಿದರು.

“ಸ್ವಾಮಿ, ಇದು ಬಿಸಿಲಲ್ಲಿ ಕೂತ ಬಂಗುಡೆ. ಇದಕ್ಕೆ ವಾಸನೆ ಬರುವುದಿಲ್ಲ. ಬೇಯಿಸಿದರೂ ವಿಷ ಹೋಗುವುದಿಲ್ಲ. ಹೂಳಿಸಿಬಿಡಿ.”

ಸುತ್ತ ಇಪ್ಪತ್ತು ಮೂವತ್ತು ಜನ ನೋಡುತ್ತಿದ್ದರು. ಅವರ ಮಾತಿನಂತೆ ನಡೆದರೆ ನಾನು ಅಲ್ಲಿ ಇರುವುದಾದರೂ ಯಾಕೆ ಎಂದು ಎಲ್ಲರಿಗೂ ಅನಿಸುತ್ತದೆ ಎಂದುಕೊಂಡೆ. ಕರವಸ್ತ್ರ ಮೂಗಿನಿಂದ ತೆಗೆಯದೆ ಬೆತ್ತ ಎತ್ತಿ, ಮೀನು ಚೆನ್ನಾಗಿಯೇ ಉಂಟು, ಮಾರಬಹುದು ಎಂದೆ. ಅವರು ಚೂರಿ ಒರೆಸಿ ಎದ್ದರು. ಬೇರೆ ಬುಟ್ಟಿಯಿಂದ ಆರಿಸಿದ ಒಂದಿಷ್ಟು ಕಾಣೆಯನ್ನು ತೆಗೆದುಕೊಂಡು ಹೊರಟುಹೋದರು.

ಮಧ್ಯಾಹ್ನ ಎರಡರ ಹೊತ್ತಿಗೆ ಬಂದರಿನ ಒಂದು ಗೋದಾಮಿನ ಒಂಬತ್ತು ಹಮಾಲರನ್ನು ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತಂದರು. ಸುದ್ದಿ ಬಂದು ನಾನು ಓಡಿದೆ. ಯಾರೋ ಎರಡೂ ಕೆನ್ನೆಗೆ ಬಾರಿಸಿದಂತೆ ಅವರ ಮುಖ ಕೆಂಪಾಗಿತ್ತು. ಕಣ್ಣು ಕೆಂಪು, ಕುತ್ತಿಗೆ ಕೆಂಪು. ತಲೆ ಸಿಡಿಯುತ್ತದೆ ಎಂದು ಗೋಡೆಗೆ ಹಣೆ ಒತ್ತಿ ನಿಂತವನೊಬ್ಬ, ವಾಂತಿ ಮಾಡುತ್ತಿದ್ದವನೊಬ್ಬ. ಎಲ್ಲರಿಗಿಂತ ಹಿರಿಯನಾದ ಮುದುಕ ಎದೆ ಹಿಡಿದುಕೊಂಡು ಬಿದ್ದಿದ್ದ, ಕರೆದರೆ ಕಣ್ಣು ತೆರೆಯುತ್ತಿರಲಿಲ್ಲ. ಏನು ತಿಂದಿರಿ ಎಂದು ಕೇಳಿದೆ. ಗೋದಾಮಿನಲ್ಲೇ ಬೇಯಿಸಿದ ಬಂಗುಡೆ ಸಾರು ಎಂದರು. ಅವರಲ್ಲಿ ಮೂವರು, ಅದಕ್ಕೆ ಮುಂಚೆ ಬಟ್ಲರ್ ಮೀನನ್ನೂ ತಿಂದಿದ್ದೆವು ಎಂದರು.

ಯಾವ ಬುಟ್ಟಿಯ ಬಂಗುಡೆ ಎಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ.

ಅದೇ ಸಂಜೆ ನಾಲ್ಕಕ್ಕೆ ನಮ್ಮ ಮೇಲಧಿಕಾರಿಗಳಾದ ಡಾಕ್ಟರು ನನ್ನನ್ನೂ ಪೊರ್ಬುಗಳನ್ನೂ ಕರೆಸಿದರು. ಧಕ್ಕೆಯ ಮೀನನ್ನು ಹತ್ತಿರದಿಂದ ನೋಡಿಯೇ ಬಿಟ್ಟದ್ದೋ ಎಂದು ನನ್ನನ್ನು ಕೇಳಿದರು. ಹೌದು ಸಾರ್ ಎಂದೆ. ಒಂದೊಂದು ಬುಟ್ಟಿಯನ್ನೂ? ಹೌದು ಸಾರ್ ಎಂದೆ. ಹಾಗಾದರೆ ಪೇಟೆಯ ಮೀನಿನಲ್ಲಿ ದೋಷವಿಲ್ಲ, ಹಮಾಲರು ತಿಂದ ಕರಿದ ಮೀನಿನಲ್ಲೇ ಇರಬೇಕು ಎಂದು ಅವರು ತೀರ್ಮಾನಿಸಿದರು. ನನ್ನ ಎರಡು ಹೌದುಗಳಿಂದ ಹುಟ್ಟಿದ ತೀರ್ಮಾನ ಅದು. ಆರು ಮಂದಿ ಕರಿದದ್ದನ್ನು ಮುಟ್ಟಿಯೇ ಇರಲಿಲ್ಲ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಪೊರ್ಬುಗಳು ಕೈಕಟ್ಟಿ ನಿಂತಿದ್ದರು. ನಿಮಗೇನಾದರೂ ಹೇಳಲಿಕ್ಕುಂಟೋ ಎಂದು ಡಾಕ್ಟರು ಕೇಳಿದಾಗ, ನನ್ನ ಅಂಗಡಿಯ ಮೀನು ಒಳ್ಳೆಯದೇ ಇತ್ತು ಎಂದಷ್ಟೇ ಹೇಳಿ ನನ್ನ ಮುಖ ನೋಡಿದರು. ಬೆಳಗಿನ ಬುಟ್ಟಿಯ ಮಾತು ಅವರ ಬಾಯಿಂದ ಈಗ ಬರುತ್ತದೆ, ಈಗ ಬರುತ್ತದೆ ಎಂದು ನಾನು ಬೆವರುತ್ತಿದ್ದೆ. ಬರಲಿಲ್ಲ. ಅಂಗಡಿ ಮುಚ್ಚುವ ಆಜ್ಞೆಯನ್ನು ಡಾಕ್ಟರು ನನ್ನ ಕೈಯಿಂದಲೇ ಬರೆಸಿದರು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಒಬ್ಬ ಜವಾನನೊಂದಿಗೆ ಓಣಿಗೆ ಹೋದೆ. ಜನ ಸೇರಿದ್ದರು. ಪೊರ್ಬುಗಳು ಒಲೆಯ ಬೂದಿ ತೆಗೆದು, ಬೆಂಚು ಒರೆಸಿ, ತಾವೇ ಬಾಗಿಲ ಹಲಗೆಗಳನ್ನು ಒಂದೊಂದಾಗಿ ಕೂರಿಸಿದರು. ಆಜ್ಞೆಯನ್ನು ಓದಬೇಕಿತ್ತು. ಕಾಗದವನ್ನು ಜವಾನನ ಕೈಗೆ ಕೊಟ್ಟೆ, ಅವನು ಓದಿದ. ಅರಗಿನ ಮುದ್ರೆ ಒತ್ತುತ್ತಿದ್ದಾಗ ಅವರು ನನ್ನ ಬದಿಗೆ ಬಂದು, ಬೇರೆ ಯಾರಿಗೂ ಕೇಳದಂತೆ, “ಆ ಬುಟ್ಟಿ ತುಂಬ ಇತ್ತಲ್ಲ ಸ್ವಾಮಿ. ಒಂಬತ್ತು ಜನ ಅಷ್ಟನ್ನೂ ತಿಂದಿರಲಿಕ್ಕಿಲ್ಲ. ಉಳಿದದ್ದು ಎಲ್ಲಿ ಹೋಯ್ತು?” ಎಂದು ಕೇಳಿದರು.

ನನಗೆ ಅದು ಹೊಳೆದೇ ಇರಲಿಲ್ಲ. ನನ್ನ ಕೆಲಸ, ನನ್ನ ಮಾನ, ಇವಿಷ್ಟರ ಸುತ್ತಲೇ ತಿರುಗಿದ್ದೆ. ಅವರು ಉತ್ತರಕ್ಕೆ ಕಾಯದೆ ಧಕ್ಕೆಯ ಕಡೆ ನಡೆದರು. ನಾನು ಜವಾನನನ್ನು ಅಲ್ಲಿಯೇ ಬಿಟ್ಟು ಹಿಂದೆ ಹೋದೆ.

ಆ ಹೆಂಗಸು ಹೊಸ ಬುಟ್ಟಿಯ ಮುಂದೆ ಕೂತಿದ್ದಳು. ಹಮಾಲರ ಸುದ್ದಿ ಕೇಳಿದ್ದಳು; ಅದು ಬಟ್ಲರ್ ಅಂಗಡಿಯಿಂದ ಆದದ್ದೆಂದೇ ಎಲ್ಲರಂತೆ ನಂಬಿದ್ದಳು. ನಿನ್ನೆಯ ಬುಟ್ಟಿಯಲ್ಲಿ ಅರ್ಧ ಉಳಿದಿತ್ತು, ಉಪ್ಪು ಹಾಕಿ ಇಟ್ಟು ಇವತ್ತು ಬೆಳಿಗ್ಗೆ ಕದ್ರಿ ಗುಡ್ಡದ ಅನಾಥಾಲಯಕ್ಕೆ ಸುಮ್ಮನೆ ಕೊಟ್ಟು ಬಂದೆ, ಮಕ್ಕಳು ತಿನ್ನಲಿ ಅಂತ, ಎಂದಳು. ಪೊರ್ಬುಗಳು ವಿಷಯ ಹೇಳಿದಾಗ ಅವಳ ಕೈಯಿಂದ ತಕ್ಕಡಿ ಜಾರಿತು. ತಪ್ಪು ನಿನ್ನದಲ್ಲ, ಇನ್‌ಸ್ಪೆಕ್ಟರೇ ಸರಿ ಉಂಟು ಎಂದಿದ್ದರಲ್ಲ ಎಂದು ಅವರು ಅವಳಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು.

ಅನಾಥಾಲಯದಲ್ಲಿ ಮಕ್ಕಳ ಊಟದ ಗಂಟೆ ಹನ್ನೆರಡಕ್ಕೆ. ಆಗಲೇ ಹನ್ನೊಂದು ದಾಟಿತ್ತು.

ಒಂದು ಜಟಕಾ ಸಿಕ್ಕಿತು. ಕುದುರೆ ಬಡಕಲು. ಅದರ ಪ್ರತಿ ಹೆಜ್ಜೆಯನ್ನೂ ನಾನು ಎಣಿಸುತ್ತಿದ್ದೆ. ಗಟ್ಟಿಮುಟ್ಟಾದ ಹಮಾಲರಿಗೇ ಆ ಗತಿಯಾದರೆ ಐದಾರು ವರ್ಷದ ಮಕ್ಕಳಿಗೆ ಏನಾದೀತು ಎಂಬ ಯೋಚನೆ ಬಿಡುತ್ತಿರಲಿಲ್ಲ. ತಡೆಯಲಾಗದೆ, ನಿನ್ನೆ ಡಾಕ್ಟರ ಮುಂದೆ ನೀವು ಬುಟ್ಟಿಯ ವಿಷಯ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

ಅವರು ರಸ್ತೆಯನ್ನೇ ನೋಡುತ್ತ ಹೇಳಿದರು: “ನಾನು ಹೇಳಿದರೆ ಅಂಗಡಿ ಉಳಿಸಲಿಕ್ಕೆ ಹೇಳಿದ ಹಾಗೆ ಆಗ್ತದೆ. ಹೇಳಬೇಕಾದವರು ನೀವು. ಹೇಳ್ತೀರಿ ಅಂತ ಕಾದೆ.”

ಗುಡ್ಡದ ಏರಿನಲ್ಲಿ ಕುದುರೆ ನಿಂತುಬಿಟ್ಟಿತು. ಇಬ್ಬರೂ ಇಳಿದೆವು. ಅರುವತ್ತು ದಾಟಿದ ಮನುಷ್ಯ, ಕಾದ ಮುರಕಲ್ಲಿನ ದಾರಿಯಲ್ಲಿ ಬರಿಗಾಲಿನಲ್ಲಿ ನನ್ನ ಮುಂದೆ ಓಡುತ್ತಿದ್ದರು. ಬೂಟು ಹಾಕಿದ ನಾನು ಹಿಂದೆ ಬಿದ್ದೆ.

ಅನಾಥಾಲಯದ ಜಗಲಿಯಲ್ಲಿ ಮಕ್ಕಳು ಎರಡು ಸಾಲಾಗಿ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು. ಮೂವತ್ತು ನಲವತ್ತು ಮಕ್ಕಳಿದ್ದಿರಬೇಕು. ಗಂಜಿ ಬಡಿಸಿ ಆಗಿತ್ತು. ಬಾಗಿಲಲ್ಲಿ ದೊಡ್ಡ ಪಾತ್ರೆಯ ತುಂಬ ಕೆಂಪು ಬಂಗುಡೆ ಸಾರು ಹೊಗೆಯಾಡುತ್ತಿತ್ತು. ಅದರ ಪಕ್ಕದಲ್ಲಿ, ಕೈಯಲ್ಲಿ ಸೌಟು ಹಿಡಿದು, ಅಲ್ಲಿನ ಮುಖ್ಯಸ್ಥೆಯಾದ ವಯಸ್ಸಾದ ಕನ್ಯಾಸ್ತ್ರೀ ನಿಂತಿದ್ದರು. ಮಕ್ಕಳು ಅವರನ್ನು ಮದರ್ ಎನ್ನುತ್ತಿದ್ದರು.

ಬಡಿಸಬೇಡಿ ಎಂದು ಪೊರ್ಬುಗಳು ಏದುಸಿರಿನಲ್ಲೇ ಅವರಿಗೆ ಕೊಂಕಣಿಯಲ್ಲಿ ವಿವರಿಸಿದರು. ಮದರ್ ಸೌಟು ಕೆಳಗಿಡಲಿಲ್ಲ. ಅಕ್ಕಿಯೇ ಅರೆಪಾಲು ಸಿಗುವ ಕಾಲ, ಈ ಮಕ್ಕಳು ಮೀನು ಕಂಡು ಎರಡು ತಿಂಗಳಾಯಿತು, ಇನ್‌ಸ್ಪೆಕ್ಟರು ಸರಿ ಎಂದರೆಂದು ಕೊಟ್ಟವಳೇ ಹೇಳಿದ, ವಾಸನೆಯಿಲ್ಲದ ಮೀನನ್ನು ಚೆಲ್ಲು ಎಂದರೆ ಹೇಗೆ ಎಂದು ಕೇಳಿದರು. ಜನರಿಗೆ ವಿಷವಿಟ್ಟ ಅಂಗಡಿ ಎಂದು ಬೀಗ ಬಿದ್ದವರ ಮಾತನ್ನು ನಂಬುವುದಾದರೂ ಹೇಗೆ ಎಂದೂ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, ಕನ್ನಡದಲ್ಲಿ, ಸ್ವರ ಏರಿಸದೆ ಹೇಳಿದರು:

“ನೀವಲ್ಲವಾ ಇನ್‌ಸ್ಪೆಕ್ಟರು? ನಿನ್ನೆ ಸರಿ ಉಂಟು ಅಂತ ಬಿಟ್ಟದ್ದು ನೀವೇ. ಇವತ್ತು ಸರಿ ಇಲ್ಲ ಅಂತ ಯಾವ ಬಾಯಿಂದ ಹೇಳ್ತೀರಿ?”

ಅಡುಗೆಮನೆಯ ಭರಣಿಯಲ್ಲಿ ಉಪ್ಪು ಹಾಕಿದ ಮೀನು ಇನ್ನೂ ನಾಲ್ಕಾರು ಉಳಿದಿತ್ತು. ಸಾರಿನ ಖಾರದಲ್ಲಿ ವಿಷ ತಿಳಿಯದೆಂದು ಪೊರ್ಬುಗಳು ಒಂದನ್ನು ತೊಳೆದು, ಮೆಣಸು ಹುಳಿ ಯಾವುದೂ ಹಾಕದೆ ಬರಿನೀರಿನಲ್ಲಿ ಒಲೆಗಿಟ್ಟರು. ಆ ನೀರು ಕುದಿಯುವಷ್ಟು ಹೊತ್ತೂ ಸಾಲಿನಲ್ಲಿ ಒಂದು ಮಗು ತಟ್ಟೆಯನ್ನು ಚಮಚದಿಂದ ಬಡಿಯುತ್ತಿತ್ತು. ಬೆಂದ ಮೀನಿನ ಒಂದು ಚೂರನ್ನು ಬಾಳೆಲೆಯಲ್ಲಿಟ್ಟು ಅವರು ನನ್ನ ಮುಂದೆ ಹಿಡಿದರು.

“ನಾನು ತಿಂದು ಹೇಳಿದರೆ ಇವರು ನಂಬುವುದಿಲ್ಲ. ನೀವು ಹೇಳಬೇಕು. ನಾಲಿಗೆಯಲ್ಲಿ ಇಡಿ, ನುಂಗಬೇಡಿ.”

ಅಂಗಿಯೊಳಗೆ ಜನಿವಾರ ಬೆವರಿಗೆ ಮೈಗಂಟಿತ್ತು. ಊರಿನಲ್ಲಿದ್ದ ಅಪ್ಪನ ಮುಖ ಕಣ್ಣ ಮುಂದೆ ಬಂತು. ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದರು. ಚೂರನ್ನು ತೆಗೆದು ಬಾಯಿಗಿಟ್ಟೆ.

ಮೊದಲು ಉಪ್ಪು ಮಾತ್ರ ತಿಳಿಯಿತು. ಏನೂ ಇಲ್ಲವೇ, ಇಷ್ಟೆಲ್ಲ ಸುಮ್ಮನೆಯೇ ಎಂದು ಒಂದು ಕ್ಷಣ ಅನಿಸಿತು. ಅಷ್ಟರಲ್ಲಿ ನಾಲಿಗೆಯ ತುದಿ ಚುರ್ ಎಂದಿತು. ಕಾಳುಮೆಣಸು ಜಗಿದ ಹಾಗೆ ಆ ಉರಿ ತುದಿಯಿಂದ ಬದಿಗಳಿಗೆ, ತುಟಿಗೆ ಹಬ್ಬಿತು. ಅಂಗಳಕ್ಕೆ ಓಡಿ ಉಗುಳಿ, ಬಾಯಿ ಮುಕ್ಕಳಿಸಿ ಬಂದೆ.

“ಇದು ವಿಷ, ಮದರ್. ನಿನ್ನೆ ನಾನು ಈ ಮೀನಿನ ಹತ್ತಿರವೂ ಹೋಗಲಿಲ್ಲ. ನೋಡದೆ ಬಿಟ್ಟೆ. ಇವರು ಹೂಳಲಿಕ್ಕೆ ಹೇಳಿದ್ದರು.”

ಮದರ್ ಸೌಟನ್ನು ಪಾತ್ರೆಯೊಳಗೆ ಬಿಟ್ಟು, ಪಾತ್ರೆಯ ಬಾಯಿ ಮುಚ್ಚಿದರು. ಹಿತ್ತಿಲಲ್ಲಿ ನಾನೂ ಅಲ್ಲಿನ ತೋಟದವನೂ ಸೇರಿ ಗುಂಡಿ ತೋಡಿ ಅಷ್ಟನ್ನೂ ಹೂತೆವು. ಪಾತ್ರೆ ಆಚೆ ಹೋಗುವುದನ್ನು ಕಂಡು ಕೆಲವು ಮಕ್ಕಳು ಅಳತೊಡಗಿದ್ದವು. ಪೊರ್ಬುಗಳು ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಹಿತ್ತಿಲಿನ ಮರದಿಂದ ಜೀಗುಜ್ಜೆ ಕೊಯ್ಯಿಸಿ, ಬಾಣಲೆ ಕೇಳಿ ಇಸಿದುಕೊಂಡು ಒಲೆಯ ಮುಂದೆ ಕೂತರು. ಹೆಚ್ಚುವ ಕೆಲಸ ನನಗೆ. ಅಭ್ಯಾಸವಿಲ್ಲದ್ದರಿಂದ ಹೋಳುಗಳು ಒಂದು ದಪ್ಪ, ಒಂದು ಸಣ್ಣ ಆಗುತ್ತಿದ್ದವು. ದಪ್ಪದ್ದನ್ನು ಅವರು ಮತ್ತೆ ನನ್ನ ಕಡೆಗೇ ತಳ್ಳುತ್ತಿದ್ದರು. ಆ ದಿನ ಮಕ್ಕಳು ಗಂಜಿಗೆ ಬಟ್ಲರ್ ಚಿಪ್ಸ್ ನಂಜಿಕೊಂಡು ಉಂಡರು.

ಅಲ್ಲಿಂದ ನೇರ ಕಚೇರಿಗೆ ಹೋಗಿ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಅವರು ನನ್ನನ್ನು ಬಹಳ ಹೊತ್ತು ನಿಲ್ಲಿಸಿಯೇ ಇಟ್ಟರು. ಅಂಗಡಿಯ ಮುದ್ರೆ ಮರುದಿನವೇ ಒಡೆಯಿತು. ನನ್ನ ಸೇವಾಪುಸ್ತಕದಲ್ಲಿ ಕೆಂಪು ಶಾಯಿಯ ಒಂದು ಸಾಲು ಬಿತ್ತು, ಒಂದು ವರ್ಷ ಚರಂಡಿಗಳ ಮೇಲ್ವಿಚಾರಣೆಗೆ ಹಾಕಿದರು. ಮುದುಕ ಹಮಾಲ ನಾಲ್ಕನೆಯ ದಿನ ಎದ್ದು ಕೂತ. ನೋಡಲು ಹೋಗಿ ನನ್ನ ತಪ್ಪು ಹೇಳಿಕೊಂಡೆ. ಅವನು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ.

ಮನೆಯಲ್ಲಿ ನನ್ನ ಜತೆಗಿದ್ದವರು ಅಮ್ಮ. ಮೀನು ಬಾಯಿಗಿಟ್ಟದ್ದನ್ನೂ ಸೇರಿಸಿ ಅವರಿಗೂ ಎಲ್ಲ ಹೇಳಿದೆ. ಅಕ್ಕಿ ಆರಿಸುತ್ತಿದ್ದ ಕೈ ನಿಂತಿತು. ಮಕ್ಕಳಿಗೆ ಏನೂ ಆಗಲಿಲ್ಲವಲ್ಲ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ಮಿಂದು ಬಾ, ಉಣ್ಣು ಎಂದು ಎದ್ದು ಒಳಗೆ ಹೋದರು. ಅಪ್ಪನಿಗೆ ಆ ವಿಷಯ ಕೊನೆಯವರೆಗೂ ತಿಳಿಯಲಿಲ್ಲ.

ಪೊರ್ಬುಗಳಿಗೆ ಮಾತ್ರ ನಾನು ಮಾಡಿದ ಹಾನಿ ಬೇಗ ತುಂಬಲಿಲ್ಲ. ಮುದ್ರೆ ಒಡೆದ ಮೇಲೂ ಆರು ತಿಂಗಳು ಗಿರಾಕಿಗಳು ಓಣಿಯ ಬಾಯಿಯವರೆಗೆ ಬಂದು ಹಿಂದಿರುಗುತ್ತಿದ್ದರು. ಅವರು ಎಂದಿನಂತೆ ಎಣ್ಣೆ ಕಾಯಿಸಿ, ಖಾಲಿ ಬೆಂಚುಗಳ ಮುಂದೆ ಕೋಟು ಹಾಕಿ ನಿಂತಿರುತ್ತಿದ್ದರು. ಒಂದು ದಿನ ನಾನೇ ಹೋಗಿ, ಊರಿಗೆಲ್ಲ ಕಾಣುವಂತೆ ಮುಂದಿನ ಬೆಂಚಿನಲ್ಲಿ ಕೂತು, ಮೀನಿಲ್ಲದೆ ಜೀಗುಜ್ಜೆ ಚಿಪ್ಸ್ ಮಾತ್ರ ಕೊಡಿ ಎಂದೆ. ಕೊಟ್ಟರು. ಆಮೇಲೆ ದಿನವೂ ಹೋಗತೊಡಗಿದೆ.

ಚರಂಡಿಯ ವರ್ಷ ಮುಗಿದಾಗ ಧಕ್ಕೆಯ ಕೆಲಸವನ್ನೇ ಕೇಳಿ ಪಡೆದೆ. ಮೊದಲ ಬೆಳಿಗ್ಗೆ ಅವರ ಬದಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತೆ. ಮೊದಲು ಆ ಕರವಸ್ತ್ರ ಕಿಸೆಗೆ ಹಾಕಿ ಎಂದರು. ಕಿವಿರಿನ ಕೆಂಪಿನಲ್ಲಿ ಎಷ್ಟು ಬಗೆ, ಒತ್ತಿದ ಬೆರಳಿನ ಗುಳಿ ಎಷ್ಟು ಬೇಗ ತುಂಬಬೇಕು, ಕಣ್ಣು ಯಾವಾಗ ಹಾಲುಗಟ್ಟುತ್ತದೆ, ಎಲ್ಲವನ್ನೂ ಅವರು ನನ್ನ ಕೈ ಹಿಡಿದು ಕಲಿಸಿದರು. ತಪ್ಪಿದರೆ ಹೆಂಗಸರ ಮುಂದೆಯೇ ಗದರುತ್ತಿದ್ದರು. ಕ್ಷಮಿಸಿದ್ದೇನೆ ಎಂದು ಅವರು ಎಂದೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಯುದ್ಧ ಮುಗಿದ ಮರುವರ್ಷ ಅವರಿಗೆ ಜೋರು ಜ್ವರ ಬಂದು ಬಿಟ್ಟಿತು. ಎದ್ದಾಗ ಮೂಗಿಗೆ ವಾಸನೆ ಹತ್ತುತ್ತಿರಲಿಲ್ಲ, ನಾಲಿಗೆಗೆ ರುಚಿಯೂ. ನಾನು ಹೋದಾಗ ಬಾಗಿಲ ಹಲಗೆ ಕೂರಿಸುತ್ತಿದ್ದರು. ತನಗೆ ತಿಳಿಯದ ಮೀನನ್ನು ಬೇರೆಯವರಿಗೆ ತಿನ್ನಿಸಲಾರೆ, ಇನ್ನು ಅಂಗಡಿ ಇಲ್ಲ ಎಂದರು. ಬೆಳಿಗ್ಗೆ ಬೆಳಿಗ್ಗೆ ನಾನು ನೋಡಿ ಕೊಡ್ತೇನೆ, ನೀವು ಕರಿಯಿರಿ ಎಂದೆ. ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

“ಆಗಬಹುದು” ಎಂದರು. ಕೂರಿಸಿದ ಹಲಗೆಯನ್ನು ಮತ್ತೆ ತೆಗೆದರು.

ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಸಿಗಲಿಲ್ಲ. ಎಂಟು ತಿಂಗಳು ನಾನು ಆರಿಸಿದ ಮೀನನ್ನು ಅವರು ಕರಿದರು. ಅಂಗಡಿ ತುಂಬಿರುತ್ತಿತ್ತು.

ಮುಂದಿನ ಮಳೆಗಾಲದಲ್ಲಿ, ಕಡಲಿಗೆ ದೋಣಿ ಇಳಿಯದ ದಿನಗಳಲ್ಲಿ, ಅವರು ಹಾಸಿಗೆ ಹಿಡಿದರು. ಕೊನೆಯ ಸಲ ನೋಡಲು ಹೋದಾಗ ಧಕ್ಕೆಗೆ ಎಂತ ಬಂದಿದೆ ಎಂದು ಕೇಳಿದರು. ಹೊಳೆಮೀನು ಮಾತ್ರ, ಅದೂ ಸ್ವಲ್ಪ ಎಂದೆ. ಅವರು ತಲೆಯಾಡಿಸಿ ಮಗ್ಗುಲು ಬದಲಿಸಿದರು. ಎರಡು ದಿನ ಕಳೆದು, ಭಾನುವಾರ ಬೆಳಗಿನ ಪೂಜೆಯ ಹೊತ್ತಿಗೆ ತೀರಿಕೊಂಡರು. ಇಗರ್ಜಿಯ ಹಿತ್ತಿಲಿನ ಸಮಾಧಿ ನೆಲದಲ್ಲಿ, ಜಡಿಮಳೆಯಲ್ಲಿ, ಹಮಾಲರ ಜತೆ ನಿಂತು ನಾನೂ ಒಂದು ಹಿಡಿ ಮಣ್ಣು ಹಾಕಿದೆ.

ಮರುದಿನ ಬೆಳಿಗ್ಗೆ ಎಂದಿನಂತೆ ಧಕ್ಕೆಗೆ ಹೋದೆ. ಎರಡೇ ಬುಟ್ಟಿ ಬಂದಿತ್ತು. ಒಂದನ್ನು ಬಿಟ್ಟೆ, ಇನ್ನೊಂದನ್ನು ಹೂಳಿಸಿದೆ. ಮೀನು ತಂದ ಹೆಂಗಸು ನನ್ನ ಕುಲ, ಕಚೇರಿ, ಹುಟ್ಟಿಸಿದವರು ಎಲ್ಲರನ್ನೂ ಎಳೆದು ಬೈದಳು. ಅವಳ ಬೈಗುಳ ಮುಗಿಯುವವರೆಗೆ ಮಳೆಯಲ್ಲಿ ನಿಂತು ಕೇಳಿಸಿಕೊಂಡು, ಗುಂಡಿಗೆ ಮಣ್ಣು ಬಿದ್ದದ್ದನ್ನು ಕಣ್ಣಾರೆ ನೋಡಿ, ಆಮೇಲೆ ಕಚೇರಿಗೆ ಹೊರಟೆ.